ಮೂರು ಬೆರಳು ಕೆಳಗೆ

"ಗುರುಗಳೇ, ಮನಸ್ಸು ಹಿಗ್ಗಿದಾಗ ಅದು ಸಂತೋಷವೋ ಅಹಂಕಾರವೋ ಎಂದು ತಿಳಿಯುವುದು ಹೇಗೆ?"

ಶಿಷ್ಯ ಬಸ್ಸಿಳಿದವನೇ ಓಡಿ ಬಂದಿದ್ದ. ಹಿಂದಿನ ದಿನ ಪಕ್ಕದ ಊರಿನಲ್ಲಿ ಅವನ ಮೊದಲ ಪ್ರವಚನವಾಗಿತ್ತು. ಒಂದೂವರೆ ಗಂಟೆ ಮಾತಾಡಿದನಂತೆ. ಮುದುಕರು ತಲೆದೂಗಿದರಂತೆ. ಕೈಕಾಲು ತೊಳೆಯುವ ಮೊದಲೇ ಅದನ್ನು ಮೂರು ಸಲ ಹೇಳಿ ಮುಗಿಸಿದ್ದ. ನಾಲ್ಕನೆಯ ಸಲ ಶುರುಮಾಡುವಾಗ ತನ್ನ ದನಿ ತನಗೇ ಕೇಳಿಸಿದಂತಾಗಿ ನಿಲ್ಲಿಸಿದ. ಆಮೇಲೆ ಈ ಪ್ರಶ್ನೆ ಕೇಳಿದ.

ಗುರುಗಳು ಅವನಿಗೆ ಒಂದು ಚೊಂಬು ನೀರು ಕೊಟ್ಟರು. ಅವನು ಕುಡಿದು ಮುಗಿಸುವವರೆಗೆ ಕಾದರು. ನಂತರ ಈ ಕತೆ ಹೇಳಿದರು.

ಒಂದು ಊರಿನ ಹೊರಗೆ ಆಸಿಡ್ ತುಂಬುವ ಸಣ್ಣ ಕಾರ್ಖಾನೆ ಇತ್ತು. ಬಚ್ಚಲು, ಕಕ್ಕಸು ತೊಳೆಯಲು ಅಂಗಡಿಗಳಲ್ಲಿ ಮಾರುತ್ತಾರಲ್ಲ, ಆ ಆಸಿಡ್. ಎತ್ತರದಲ್ಲಿ ಒಂದು ತೊಟ್ಟಿ. ತೊಟ್ಟಿಯಿಂದ ಇಳಿದ ಐದು ರಬ್ಬರ್ ಕೊಳವೆಗಳು. ಒಂದೊಂದು ಕೊಳವೆಯ ತುದಿಗೂ ಒಂದು ನಲ್ಲಿ. ನಲ್ಲಿಯ ಕೆಳಗೆ ಐದು ಲೀಟರಿನ ಕ್ಯಾನು ಇಡಬೇಕು, ನಲ್ಲಿ ತಿರುಗಿಸಬೇಕು, ತುಂಬಿದಾಗ ನಿಲ್ಲಿಸಬೇಕು. ಅಷ್ಟಕ್ಕೆ ಅವರು ತುಂಬುವ ಯಂತ್ರ ಎಂದು ಹೆಸರಿಟ್ಟಿದ್ದರು.

ಅಲ್ಲಿ ಐದು ಜನ ಹೆಂಗಸರು ಕೆಲಸಕ್ಕಿದ್ದರು. ಆಸಿಡ್ ಕ್ಯಾನಿನೊಳಗೆ ಬಿದ್ದಂತೆ ಅದರ ಬಾಯಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಎಷ್ಟು ತುಂಬಿತು ಎಂದು ನೋಡಲು ಬಾಗಬೇಕು. ಬಾಗಿದರೆ ಹೊಗೆ ನೇರ ಮುಖಕ್ಕೆ. ಅವರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಆದರೂ ಕೆಮ್ಮುತ್ತಿದ್ದರು. ಹೆಚ್ಚು ವರ್ಷ ಕೆಲಸ ಮಾಡಿದವರ ಮುಂದಿನ ಹಲ್ಲುಗಳು ಸವೆದು ಗಿಡ್ಡವಾಗಿದ್ದವು. ಎಲ್ಲರಿಗಿಂತ ಹಳಬಳು ಫಕೀರವ್ವ. ಹನ್ನೊಂದು ವರ್ಷದಿಂದ ಅವಳು ಅದೇ ನಲ್ಲಿಯ ಮುಂದೆ ಕುಳಿತಿದ್ದಳು.

ಯಜಮಾನ ಕೆಟ್ಟವನಲ್ಲ. ಗೋಡೆಗೆ ಒಂದು ದೊಡ್ಡ ಫ್ಯಾನು ಹಾಕಿಸಿದ. ಹೊಗೆ ಈ ಕಡೆಯ ಹೆಂಗಸರನ್ನು ಬಿಟ್ಟು ಆ ಕಡೆಯ ಹೆಂಗಸರ ಮುಖಕ್ಕೆ ಹೋಯಿತು. ಫ್ಯಾನನ್ನು ತಿರುಗಿಸಿ ಹಾಕಿಸಿದ. ಹೊಗೆ ಹೊರಗೆ ಹೋಗಿ ಪಕ್ಕದ ಹೊಲದವರು ಜಗಳಕ್ಕೆ ಬಂದರು. ಕೊನೆಗೆ ಅವನು ಮೋನಪ್ಪ ಬಡಿಗೇರನನ್ನು ಕರೆಸಿದ.

ಮೋನಪ್ಪನದು ಬಸ್ ನಿಲ್ದಾಣದ ಹಿಂದೆ ಒಂದು ಲೇತ್ ಅಂಗಡಿ. ಬೋರ್‌ವೆಲ್ ಪಂಪಿನ ಶಾಫ್ಟು, ಕಬ್ಬಿನ ಹಾಲಿನ ಗಾಣದ ಉರುಳೆ, ಹೀಗೆ ತಿರುಗುವ ವಸ್ತು ಯಾವುದೇ ಸವೆದರೂ ಜನ ಅವನ ಹತ್ತಿರ ಬರುತ್ತಿದ್ದರು. ವಯಸ್ಸು ಮೂವತ್ತೈದು ದಾಟಿರಲಿಲ್ಲ. ಕೈ ಒಳ್ಳೆಯದು, ಅದು ಅವನಿಗೂ ಗೊತ್ತಿತ್ತು.

ಅವನು ಬಂದು ಒಂದು ಗಂಟೆ ನಿಂತು ನೋಡಿದ. ಅವನಿಗೂ ಕೆಮ್ಮು ಬಂತು. ನಂತರ ಯಜಮಾನನಿಗೆ ಹೇಳಿದ. ಖಾಲಿ ಕ್ಯಾನು ಎಂದರೆ ಗಾಳಿ ತುಂಬಿದ ಕ್ಯಾನು. ಆಸಿಡ್ ಒಳಗೆ ಹೋದಷ್ಟೂ ಗಾಳಿ ಹೊರಗೆ ಬರುತ್ತದೆ, ಬರುವಾಗ ಹೊಗೆಯನ್ನು ಹೊತ್ತು ತರುತ್ತದೆ. ಬಾಯಿ ಮುಚ್ಚಿಬಿಟ್ಟರೆ ಆಯಿತು.

ಮರುದಿನವೇ ಅವನು ಒಂದು ರಬ್ಬರ್ ಬಿರಡೆ ಮಾಡಿ ತಂದ. ಕ್ಯಾನಿನ ಬಾಯಿಗೆ ಬಿಗಿಯಾಗಿ ಕೂರುವಂಥದು. ನಡುವೆ ಒಂದು ತೂತು, ತೂತಿನಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆ. ಅದನ್ನು ನಲ್ಲಿಗೆ ಸಿಕ್ಕಿಸಿ, ಬಿರಡೆಯನ್ನು ಕ್ಯಾನಿಗೆ ಒತ್ತಿ, ನಲ್ಲಿ ತಿರುಗಿಸಿದ. ಹೊಗೆ ಬರಲಿಲ್ಲ. ಹೆಂಗಸರು ಹತ್ತಿರ ಬಂದರು. ಒಬ್ಬಳು ಮೂಗಿನ ಬಟ್ಟೆ ಬಿಚ್ಚಿ ನೋಡಿದಳು. ಯಜಮಾನ ನಗತೊಡಗಿದ.

ಅಷ್ಟರಲ್ಲಿ ಆಸಿಡ್ ನಿಂತುಹೋಯಿತು. ಕ್ಯಾನಿನ ಕಾಲು ಭಾಗವೂ ತುಂಬಿರಲಿಲ್ಲ. ನಲ್ಲಿ ಪೂರ್ತಿ ತೆರೆದಿತ್ತು. ಕ್ಯಾನಿನ ಪಕ್ಕೆಗಳು ಉಬ್ಬಿದ್ದವು. ಏನಾಯಿತೆಂದು ಮೋನಪ್ಪ ಬಿರಡೆಯನ್ನು ಎಳೆದ. ಒಳಗೆ ಒತ್ತಿಕೊಂಡಿದ್ದ ಗಾಳಿ ಬುಸ್ಸೆಂದು ಹೊರಬಂತು. ಅದರ ಜೊತೆ ಆಸಿಡ್ ಹನಿಗಳು ಅವನ ಮುಂಗೈಗೆ ಸಿಡಿದವು. ಫಕೀರವ್ವ ಅವನ ತೋಳು ಹಿಡಿದು ಮೂಲೆಯಲ್ಲಿದ್ದ ನೀರಿನ ಡ್ರಮ್ಮಿನಲ್ಲಿ ಅದ್ದಿದಳು. ಅವಳಿಗೆ ಅದು ಅಭ್ಯಾಸವಾಗಿತ್ತು.

ಕೈ ನೀರಿನಲ್ಲಿರುವಾಗಲೇ ಮೋನಪ್ಪನಿಗೆ ಹೊಳೆಯಿತು. ಹೊಗೆಯ ದಾರಿ ಮುಚ್ಚುವಾಗ ಗಾಳಿಯ ದಾರಿಯನ್ನೂ ಮುಚ್ಚಿದ್ದೇನೆ. ಗಾಳಿ ಹೋಗಲೇಬೇಕು. ಆದರೆ ಇವರ ಮುಖಕ್ಕೆ ಏಕೆ ಹೋಗಬೇಕು?

ಎಂಟು ದಿನ ಅವನು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಇಟ್ಟ. ಒಳಗಿನದರಲ್ಲಿ ಆಸಿಡ್ ಇಳಿಯಬೇಕು. ಎರಡರ ನಡುವಿನ ಸಂದಿನಲ್ಲಿ ಗಾಳಿ ಏರಬೇಕು. ಏರಿದ ಗಾಳಿ ಬೇರೊಂದು ಕೊಳವೆ ಹಿಡಿದು, ಮುಚ್ಚಿದ ತೊಟ್ಟಿಯ ಮೇಲ್ಭಾಗಕ್ಕೇ ಮರಳಬೇಕು. ತೊಟ್ಟಿಯಿಂದ ಎಷ್ಟು ಆಸಿಡ್ ಕೆಳಗೆ ಬಂತೋ ಅಷ್ಟೇ ಗಾಳಿ ಮೇಲೆ ಹೋಗುತ್ತದೆ. ಹೊರಗಿನ ಲೋಕಕ್ಕೆ ಅದರ ಸುದ್ದಿಯೇ ಇಲ್ಲ. ಅವನು ಮೊದಲು ಅಂಗಡಿಯಲ್ಲೇ ನೀರು ತುಂಬಿ ನೋಡಿದ. ನಲವತ್ತು ಸಲ ನೋಡಿದ. ನಂತರ ಕಾರ್ಖಾನೆಗೆ ತಂದು ಐದೂ ನಲ್ಲಿಗಳಿಗೆ ಜೋಡಿಸಿದ.

ಆ ದಿನ ಆಸಿಡ್ ನಿಲ್ಲಲಿಲ್ಲ. ಕ್ಯಾನು ಉಬ್ಬಲಿಲ್ಲ. ಹೊಗೆ ಒಂದು ಎಳೆಯೂ ಬರಲಿಲ್ಲ. ಒಂದು ಕ್ಯಾನು ತುಂಬಿತು, ಎರಡು ತುಂಬಿದವು, ಹತ್ತು ತುಂಬಿದವು. ಐದೂ ಜನ ಮೂಗಿನ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟರು. ಅಷ್ಟು ದಿನ ಜೊತೆಯಲ್ಲಿ ಕುಳಿತು ಕೆಲಸದ ಹೊತ್ತಿನಲ್ಲಿ ಅವರು ಒಬ್ಬರ ಮುಖ ಒಬ್ಬರು ಪೂರ್ತಿ ನೋಡಿದ್ದು ಅಂದೇ. ಮೋನಪ್ಪ ಕುಣಿದ. ನಿಜವಾಗಿಯೂ ಎರಡು ಕಾಲು ಎತ್ತಿ ಕುಣಿದ. ಯಜಮಾನ ಪೇಟೆಯಿಂದ ಪೇಡೆ ತರಿಸಿದ.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಮೋನಪ್ಪ ಚಹಾದ ಅಂಗಡಿಯಲ್ಲಿ ನಿಂತು ಹೇಳಿದ. ಕ್ಷೌರದ ಅಂಗಡಿಯಲ್ಲಿ ನಿಂತು ಹೇಳಿದ. ಸೈಕಲ್ ಪಂಕ್ಚರ್ ಹಾಕುವವನಿಗೆ ನೆಲದ ಮೇಲೆ ಚಿತ್ರ ಬರೆದು ತೋರಿಸಿದ. ಎಲ್ಲರಿಗೂ ಹೇಳುವಾಗ ಅವನು ಅವರ ಮುಖ ನೋಡುತ್ತಿದ್ದ. ಮುಖ ಅರಳಿದರೆ ಇನ್ನೊಮ್ಮೆ ಹೇಳುತ್ತಿದ್ದ.

ಇಲ್ಲಿ ಶಿಷ್ಯ ಸ್ವಲ್ಪ ಅಲುಗಾಡಿದ. ಗುರುಗಳು ಅದನ್ನು ಕಂಡರೂ ಕಾಣದಂತೆ ಮುಂದುವರಿಸಿದರು.

ಆ ಹಿಗ್ಗು ಸುಳ್ಳಾಗಿರಲಿಲ್ಲ. ಐದು ಜನರ ಉಸಿರು ಹಗುರಾಗಿತ್ತು. ಅದನ್ನು ಮಾಡಿದವನು ಕುಣಿದರೆ ತಪ್ಪೇನು? ಕತೆ ಅಲ್ಲಿಗೇ ಮುಗಿದಿದ್ದರೆ ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ.

ಯಜಮಾನನಿಗೂ ಹಿಗ್ಗು ತಡೆಯಲಾಗಲಿಲ್ಲ. ಬೇರೆ ಊರುಗಳಲ್ಲಿ ಇಂಥದೇ ಕಾರ್ಖಾನೆ ನಡೆಸುವ ಇಬ್ಬರಿಗೆ ಹೇಳಿ ಕಳುಹಿಸಿದ. ಮುಂದಿನ ಗುರುವಾರ ಬಂದು ನೋಡುತ್ತೇವೆ ಎಂದು ಅವರು ತಿಳಿಸಿದರು. ಅವರಿಗೆ ಹಿಡಿಸಿದರೆ ಮೋನಪ್ಪನ ಬಿರಡೆ ನಾಲ್ಕು ಜಿಲ್ಲೆಗೆ ಹೋಗುತ್ತದೆ. ಮೋನಪ್ಪ ಆ ವಾರವೆಲ್ಲ ಬಿರಡೆಗಳನ್ನು ಒರೆಸುತ್ತಾ, ಕೊಳವೆಗಳನ್ನು ನೇರ ಮಾಡುತ್ತಾ ಕಾರ್ಖಾನೆಯಲ್ಲೇ ಓಡಾಡಿಕೊಂಡಿದ್ದ.

ಬುಧವಾರ ಮಧ್ಯಾಹ್ನ ಫಕೀರವ್ವ ಅವನ ಹತ್ತಿರ ಬಂದಳು.

"ತಮ್ಮಾ, ಒಂದು ಮಾತು. ಈಗ ಬಿರಡೆ ಬಾಯಿಯನ್ನು ಮುಚ್ಚಿಕೊಂಡಿರುತ್ತದೆ. ಒಳಗೆ ಎಷ್ಟು ತುಂಬಿತು ಅಂತ ಸರಿಯಾಗಿ ಕಾಣುವುದಿಲ್ಲ. ಕ್ಯಾನನ್ನು ಬೆಳಕಿಗೆ ಹಿಡಿದ ಹಾಗೆ ಓರೆಗಣ್ಣಲ್ಲಿ ನೋಡುತ್ತಲೇ ಇರಬೇಕು. ಒಂದು ಕ್ಷಣ ಆಚೆ ನೋಡಿದರೆ ತುಳುಕುವಷ್ಟು ತುಂಬಿರುತ್ತದೆ. ಎತ್ತಿದರೆ ಕೈಮೇಲೆ ಚೆಲ್ಲುತ್ತದೆ."

"ಸ್ವಲ್ಪ ಗಮನ ಇಟ್ಟರೆ ಆಯಿತು ಅಕ್ಕಾ."

"ದಿನಕ್ಕೆ ಮುನ್ನೂರು ಕ್ಯಾನಿಗೆ ಗಮನ ಇಡಬೇಕಲ್ಲ. ನೀನು ಮೊದಲ ದಿನ ತಂದದ್ದು ನೆನಪಿದೆಯೇ? ಅದು ತುಂಬುವ ಮೊದಲೇ ತಾನಾಗಿ ನಿಂತಿತು. ನೀನು ಅದನ್ನು ಕೆಟ್ಟಿತು ಅಂದೆ. ನನಗೆ ಅದೇ ಬೇಕು. ನಿಲ್ಲುವುದು ಬೇಕು, ಆದರೆ ಕ್ಯಾನು ತುಂಬಿದ ಮೇಲೆ. ಗಾಳಿ ಹೋಗುವ ಬಾಯಿ ಈಗ ಬಿರಡೆಗೆ ಅಂಟಿಕೊಂಡಿದೆ. ಅದನ್ನು ಮೂರು ಬೆರಳು ಕೆಳಗೆ ಇಳಿಸು. ಆಸಿಡ್ ಏರಿ ಬಂದು ಆ ಬಾಯಿಯನ್ನು ಮುಚ್ಚಿದರೆ, ಮೇಲೆ ಉಳಿದ ಗಾಳಿಗೆ ದಾರಿ ಇರುವುದಿಲ್ಲ. ಆಗ ಅದು ಅಂದು ನಿಂತ ಹಾಗೆ ನಿಲ್ಲಬೇಕಲ್ಲ?"

ಅದು ಸರಿ ಎಂದು ಮೋನಪ್ಪನಿಗೆ ಆ ಕ್ಷಣವೇ ತಿಳಿಯಿತು. ಅವನು ಕಸುಬುದಾರ. ಅವಳು ಹೇಳಿ ಮುಗಿಸುವ ಮೊದಲೇ ಆಸಿಡ್ ಏರುವುದು, ಮುಟ್ಟುವುದು, ನಿಲ್ಲುವುದು ಅವನ ಕಣ್ಣ ಮುಂದೆ ಬಂತು. ಅವನ ಎದೆಯಲ್ಲಿ ಏನೋ ಕುಗ್ಗಿತು. ತಾನು ಎಂಟು ದಿನ ಕಣ್ಣು ನೆಟ್ಟು ನೋಡಿದ್ದರಲ್ಲಿ ತನಗೆ ಕಾಣದ್ದು ನಲ್ಲಿ ತಿರುಗಿಸುವವಳಿಗೆ ಕಂಡಿತ್ತು.

ಅವನು ಬಿರಡೆಯನ್ನು ಒರೆಸುತ್ತಲೇ ಹೇಳಿದ, "ನಾಳೆ ಅವರು ಬಂದು ಹೋಗಲಿ ಅಕ್ಕಾ. ಆಮೇಲೆ ನೋಡೋಣ."

ಫಕೀರವ್ವ ತಲೆಯಾಡಿಸಿ ತನ್ನ ಜಾಗಕ್ಕೆ ಹೋದಳು.

ಗುರುವಾರ ಇಬ್ಬರೂ ಬಂದರು. ಯಜಮಾನ ಅವರಿಗೆ ಎಳನೀರು ಕೊಟ್ಟು ಯಂತ್ರದ ಮುಂದೆ ನಿಲ್ಲಿಸಿದ. ನಲ್ಲಿಯ ಬಳಿ ಇಮಾಂಬಿ ಎಂಬ ಹೆಂಗಸು ಕುಳಿತಿದ್ದಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಮೋನಪ್ಪ ಎಲ್ಲವನ್ನೂ ವಿವರಿಸಿದ. ಗಾಳಿ ಹೇಗೆ ಏರುತ್ತದೆ, ಹೇಗೆ ತೊಟ್ಟಿಗೆ ಮರಳುತ್ತದೆ ಎಂದು ಕೈಯಾಡಿಸಿ ತೋರಿಸಿದ. ಬಂದವರು ಬೆರಗಾದರು. ಒಬ್ಬ ಕ್ಯಾನಿನ ಹತ್ತಿರ ಮೂಗು ತಂದು ಮೂಸಿ ನೋಡಿದ. ಏನೂ ಬರಲಿಲ್ಲ. ಮೋನಪ್ಪನಿಗೆ ಮೈಯೆಲ್ಲ ಹೂವಾಯಿತು.

"ಇವರ ಮುಖ ನೋಡಿ," ಎಂದ ಅವನು. "ಮೊದಲು ಇಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಯಾರೂ ಕೂರುತ್ತಿರಲಿಲ್ಲ. ಇಮಾಂಬಿ, ಇತ್ತ ನೋಡಮ್ಮ."

ಇಮಾಂಬಿ ಅತ್ತ ನೋಡಿದಳು. ಅಪರಿಚಿತರು ನೋಡುತ್ತಿದ್ದಾರೆಂದು ನಾಚಿ ನಕ್ಕಳು. ಆ ಒಂದು ಕ್ಷಣ ಸಾಕಾಯಿತು. ಅವಳು ಗಾಬರಿಯಿಂದ ತಿರುಗಿ ನಲ್ಲಿ ನಿಲ್ಲಿಸಿ ಬಿರಡೆ ತೆಗೆದಳು. ಕ್ಯಾನು ಅಂಚಿನವರೆಗೆ ತುಂಬಿತ್ತು. ಎತ್ತಿದ ಕೂಡಲೇ ತುಳುಕಿ ಅವಳ ಪಾದದ ಮೇಲೆ ಬಿತ್ತು.

ಫಕೀರವ್ವ ಅವಳನ್ನು ಎಳೆದುಕೊಂಡು ಹೋಗಿ ಪಾದಕ್ಕೆ ನೀರು ಸುರಿದಳು. ಕೊಡದ ಮೇಲೆ ಕೊಡ ಸುರಿದಳು. ಚರ್ಮ ಕೆಂಪಾಗಿ ಒಂದು ಕಡೆ ಬೆಳ್ಳಗೆ ಎದ್ದಿತ್ತು. ಇಮಾಂಬಿ ಹಲ್ಲು ಕಚ್ಚಿ ಕುಳಿತಿದ್ದಳು. ಯಜಮಾನ ಡಾಕ್ಟರನ್ನು ಕರೆತರಲು ಮೋಟಾರ್ ಸೈಕಲ್ ಕಳುಹಿಸಿದ.

ಬಂದವರಲ್ಲಿ ಹಿರಿಯನಾದವನು ಮೋನಪ್ಪನ ಭುಜ ತಟ್ಟಿದ. "ಇದೆಲ್ಲ ನಮ್ಮಲ್ಲೂ ಆಗುತ್ತದೆ. ಅದು ಅವಳ ಕೈತಪ್ಪು, ನಿಮ್ಮ ಯಂತ್ರದ್ದಲ್ಲ. ನಮಗೆ ಇದು ಹಿಡಿಸಿತು. ಯಾವಾಗ ಮಾಡಿಕೊಡುತ್ತೀರಿ ಹೇಳಿ."

ಗುರುಗಳು ಶಿಷ್ಯನ ಕಡೆ ತಿರುಗಿದರು.

ನೋಡು, ಅವನಿಗೆ ಬೇಕಾದದ್ದು ಕೈಗೆ ಬಂದಿತ್ತು. ತಪ್ಪನ್ನು ಇನ್ನೊಬ್ಬರು ಆಗಲೇ ಬೇರೆಯವರ ಮೇಲೆ ಹಾಕಿ ಮುಗಿಸಿದ್ದರು. ಅವನು ಹೂಂ ಎಂದರೆ ಸಾಕಿತ್ತು.

ಮೋನಪ್ಪ ಹೂಂ ಎನ್ನಲಿಲ್ಲ. "ಕೈತಪ್ಪು ನನ್ನದು," ಎಂದ. "ಇದು ಹೀಗಾಗುತ್ತದೆಂದು ನಿನ್ನೆಯೇ ನನಗೆ ಗೊತ್ತಿತ್ತು. ತಡೆಯುವುದು ಹೇಗೆಂದೂ ಗೊತ್ತಿತ್ತು. ಫಕೀರಕ್ಕ ಹೇಳಿದ್ದಳು. ನೀವು ನೋಡಿ ಹೋಗಲಿ ಎಂದು ನಾನು ಸುಮ್ಮನಿದ್ದೆ. ಸಂಜೆಯವರೆಗೆ ಇರುವುದಾದರೆ ಇರಿ. ಇಲ್ಲದಿದ್ದರೆ ಈಗ ನೋಡಿದ್ದನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ."

ಅವರು ಮುಖ ಮುಖ ನೋಡಿಕೊಂಡರು. ಹೋಗಲಿಲ್ಲ.

ಡಾಕ್ಟರು ಬಂದು ಇಮಾಂಬಿಯ ಪಾದಕ್ಕೆ ಮದ್ದು ಹಚ್ಚಿ ಬಟ್ಟೆ ಸುತ್ತಿದರು. ಹತ್ತು ದಿನದಲ್ಲಿ ವಾಸಿಯಾಗುತ್ತದೆ ಎಂದರು. ಆ ಮಾತು ಕೇಳಿದ ಮೇಲೆ ಮೋನಪ್ಪ ಫಕೀರವ್ವನನ್ನು ತನ್ನ ಅಂಗಡಿಗೆ ಕರೆದುಕೊಂಡು ಹೋದ. ಲೇತ್ ತಿರುಗುವುದನ್ನು ಅವಳು ನೋಡಿದ್ದು ಅದೇ ಮೊದಲು. ಪ್ಲಾಸ್ಟಿಕ್ಕಿನ ಬಿಳಿ ಸುರುಳಿಗಳು ನೆಲಕ್ಕೆ ಬೀಳುತ್ತಿದ್ದವು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲೇ ನಿಂತಳು.

"ಎಷ್ಟು ಕೆಳಗೆ ಅಂದೆ ಅಕ್ಕಾ?"

ಅವಳು ಮೂರು ಬೆರಳು ಜೋಡಿಸಿ ತೋರಿಸಿದಳು. ಅವನು ಕ್ಯಾಲಿಪರ್ ತೆಗೆದುಕೊಂಡು ಆ ಮೂರು ಬೆರಳಿನ ಅಗಲವನ್ನು ಅಳೆದ. ಆಸಿಡ್ ತಗಲಿ ತಗಲಿ ಆ ಬೆರಳುಗಳ ತುದಿ ನುಣ್ಣಗಾಗಿತ್ತು. ಅವನು ಅಳತೆಯನ್ನು ಗೋಡೆಯ ಮೇಲೆ ಬರೆದುಕೊಂಡು ಹೊರಗಿನ ಕೊಳವೆ ಬಿರಡೆಯಿಂದ ಅಷ್ಟೇ ಕೆಳಗೆ ಇಳಿಯುವಂತೆ ಮಾಡಿದ. ಮೊದಲು ಅಲ್ಲೇ ನೀರಿನಲ್ಲಿ ನೋಡಿದರು. ನೀರು ಏರಿತು, ಕೊಳವೆಯ ಬಾಯಿ ಮುಟ್ಟಿತು, ನಿಂತಿತು. ಅದನ್ನು ಬಿಚ್ಚಿಕೊಂಡು ಹೆಚ್ಚುಕಡಿಮೆ ಓಡುತ್ತಲೇ ಕಾರ್ಖಾನೆಗೆ ಬಂದರು.

ಈ ಸಲ ನಲ್ಲಿಯ ಮುಂದೆ ಫಕೀರವ್ವನೇ ಕುಳಿತಳು. ಬಿರಡೆ ಒತ್ತಿದಳು. ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನಂತರ ಎರಡೂ ಕೈಗಳನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಹನ್ನೊಂದು ವರ್ಷದಲ್ಲಿ ನಲ್ಲಿ ಹರಿಯುವಾಗ ಅವಳ ಕೈ ಮಡಿಲಲ್ಲಿ ಇದ್ದದ್ದೇ ಇಲ್ಲ. ಕ್ಯಾನಿನ ಹೊರಗಿನಿಂದ ಆಸಿಡ್ಡಿನ ಗೆರೆ ಮೇಲೇರುವುದು ಮಸುಕಾಗಿ ಕಾಣುತ್ತಿತ್ತು. ಅರ್ಧ ಆಯಿತು. ಮುಕ್ಕಾಲು ಆಯಿತು. ಯಜಮಾನ ತಡೆಯಲಾರದೆ ನಲ್ಲಿಯತ್ತ ಕೈ ಚಾಚಿದ. ಫಕೀರವ್ವ ಅವನ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಳು.

ಗೆರೆ ಬಿರಡೆಗೆ ಮೂರು ಬೆರಳು ಕೆಳಗೆ ಬಂದು ನಿಂತಿತು.

ನಲ್ಲಿ ತೆರೆದೇ ಇತ್ತು. ಗೆರೆ ಅಲ್ಲಾಡಲಿಲ್ಲ. ಅವಳು ಇಪ್ಪತ್ತರವರೆಗೆ ಎಣಿಸಿದಳು. ನಿಧಾನವಾಗಿ ನಲ್ಲಿ ಮುಚ್ಚಿ, ಬಿರಡೆ ತೆಗೆದು, ಕ್ಯಾನನ್ನು ಎತ್ತಿದಳು. ಕೊಳವೆಯಲ್ಲಿ ಉಳಿದಿದ್ದ ನಾಲ್ಕು ಹನಿ ಒಳಗೇ ಇಳಿದವು. ಹೊರಗೆ ಒಂದು ಹನಿಯೂ ಬೀಳಲಿಲ್ಲ. ಅವಳು ಕ್ಯಾನನ್ನು ಬೇಕೆಂದೇ ಸ್ವಲ್ಪ ಅಲ್ಲಾಡಿಸಿದಳು. ಆಗಲೂ ಬೀಳಲಿಲ್ಲ.

ಮೋನಪ್ಪ ನೆಲದ ಮೇಲೆ ಮಂಡಿಯೂರಿ ಕುಳಿತು ಕ್ಯಾನಿಗೆ ಮುಖ ಹತ್ತಿರ ಇಟ್ಟುಕೊಂಡಿದ್ದ. "ಇನ್ನೊಂದು ಅಕ್ಕಾ," ಎಂದ. ಅವಳು ಇನ್ನೊಂದು ಇಟ್ಟಳು. ಅದೂ ನಿಂತಿತು. "ಇನ್ನೊಂದು." ಅದೂ ನಿಂತಿತು. ಒಂದರ ಗೆರೆಗೂ ಇನ್ನೊಂದರ ಗೆರೆಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸಾಲಾಗಿ ಇಟ್ಟ ಕ್ಯಾನುಗಳ ಮೇಲೆ ಯಾರೋ ದಾರ ಹಿಡಿದು ಗೀಚಿದ ಹಾಗಿತ್ತು. ಬಂದಿದ್ದ ಇಬ್ಬರೂ ಚಪ್ಪಲಿ ಬದಿಗಿಟ್ಟು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. ಅವರು ಏನೆನ್ನುತ್ತಾರೆ ಎಂದು ಮೋನಪ್ಪ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನಿಗೆ ಆ ಗೆರೆಯನ್ನು ನೋಡಿ ಸಾಕಾಗುತ್ತಿರಲಿಲ್ಲ.

ಇಪ್ಪತ್ತನೆಯ ಕ್ಯಾನು ನಿಂತಾಗ ಅವನು ಎದ್ದ. ಏನು ಮಾಡಬೇಕೆಂದು ತೋಚದೆ ಬಾಗಿಲಿನಿಂದ ಹೊರಗೆ ಓಡಿದ. ರಸ್ತೆಯಲ್ಲಿ ಬಾಳೆಹಣ್ಣಿನ ಗಾಡಿಯವನು ಹೋಗುತ್ತಿದ್ದ. ಮೋನಪ್ಪ ಅವನ ಗಾಡಿಯನ್ನು ಹಿಡಿದು ನಿಲ್ಲಿಸಿದ.

"ಒಳಗೆ ಬಾ, ಬೇಗ ಬಾ. ನಮ್ಮ ಫಕೀರಕ್ಕ ಏನು ಕಂಡುಹಿಡಿದಿದ್ದಾಳೆ ನೋಡು."

ಗಾಡಿಯವನಿಗೆ ಒಂದೂ ಅರ್ಥವಾಗಲಿಲ್ಲ. ಆದರೂ ಗಾಡಿ ಬಿಟ್ಟು ಒಳಗೆ ಬಂದ. ಅವನ ಹಿಂದೆ ಇನ್ನಿಬ್ಬರು ದಾರಿಹೋಕರು ಬಂದರು. ಮೋನಪ್ಪ ಎಲ್ಲರನ್ನೂ ಮುಂದೆ ಬಿಟ್ಟು, ತಾನು ಹಿಂದೆ ನಿಂತು, ಅವರ ಭುಜಗಳ ಮೇಲಿಂದ ಕತ್ತು ಚಾಚಿ ಇಪ್ಪತ್ತೊಂದನೆಯ ಕ್ಯಾನನ್ನು ನೋಡಿದ. ಅದು ನಿಂತಾಗ ಅವನು ಕುಣಿದ ಕುಣಿತಕ್ಕೆ ಇಮಾಂಬಿ ಪಾದದ ನೋವು ಮರೆತು ನಕ್ಕಳು.

ಬಂದವರು ಹೊರಡುವಾಗ ಕೇಳಿದರು. ನಮ್ಮಲ್ಲಿ ಜೋಡಿಸಲು ನೀವು ಯಾವಾಗ ಬರುತ್ತೀರಿ? ಮೋನಪ್ಪ ಹೇಳಿದ, ಮಾಡಿಕೊಡುವುದು ನಾನು. ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಅಕ್ಕ. ಅವಳನ್ನು ಕೇಳಿ. ಅವರು ಫಕೀರವ್ವನ ಕಡೆ ತಿರುಗಿದರು. ಅವಳು, ನಿಮ್ಮ ಕ್ಯಾನು ಎಷ್ಟು ದೊಡ್ಡದು ಎಂದು ಕೇಳಿದಳು. ಮುಂದಿನ ತಿಂಗಳಿನಿಂದ ಅವರಿಬ್ಬರೂ ಊರೂರಿಗೆ ಒಟ್ಟಿಗೆ ಹೋಗತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಚೊಂಬನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತಿದ್ದ. ಆಮೇಲೆ ಮೆಲ್ಲನೆ ಕೇಳಿದ.

"ಗುರುಗಳೇ, ಅವನು ಎರಡು ಸಲ ಕುಣಿದ. ಎರಡೂ ಸಲ ಕುಣಿದವನು ಒಬ್ಬನೇ. ನನ್ನ ಕುಣಿತ ಯಾವುದು ಎಂದು ನಾನು ಹೇಗೆ ತಿಳಿಯಲಿ?"

ಗುರುಗಳು ಹೇಳಿದರು, "ಹೋದ ತಿಂಗಳು ನಿನ್ನ ಗೆಳೆಯನ ಪ್ರವಚನಕ್ಕೆ ಜನ ಕಿಕ್ಕಿರಿದಿದ್ದಾಗ ಅವನ ಪಕ್ಕದಲ್ಲೇ ಕುಳಿತಿದ್ದವನು ನೀನು, ಆದರೆ ಆ ಸುದ್ದಿಯನ್ನು ಹಿಗ್ಗಿನಿಂದ ನನಗೆ ಬಂದು ಹೇಳಿದವನು ಬಸ್ಸಿನ ಕಂಡಕ್ಟರು."

ಶಿಷ್ಯ ಚೊಂಬನ್ನು ಕೆಳಗಿಟ್ಟ.